ಉಪ್ಪುಗಾಳಿಗೆ ಸಿಹಿನೀರೇ ಮದ್ದು

ಕಡಲಿಗೆ ಹತ್ತಿರದಲ್ಲಿ ಮನೆ ಮಾಡಿಕೊಂಡಿರುವ ನಿವೃತ್ತ ದಂಪತಿಗಳ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಸಮುದ್ರದಿಂದ ನಮ್ಮ ಮನೆಗೆ ಅರ್ಧ ಕಿಲೋಮೀಟರ್. ಗೇಟಿಗೂ ಕಿಟಕಿಯ ಗ್ರಿಲ್ಲಿಗೂ ಹೋದ ವರ್ಷವಷ್ಟೇ ಬಣ್ಣ ಹೊಡೆಸಿದೆವು. ಆಗಲೇ ಗುಳ್ಳೆ ಎದ್ದು ತುಕ್ಕು ಸುರಿಯುತ್ತಿದೆ. ವಿಚಿತ್ರವೆಂದರೆ ಮಳೆಗೆ ಸದಾ ನೆನೆಯುವ ಗೇಟು ಒಂದಿಷ್ಟು ವಾಸಿ, ಸೂರಿನಡಿ ಇರುವ ಗ್ರಿಲ್ ತೀರ ಹಾಳು. ಹೀಗೇಕೆ?

ಉತ್ತರ: ವಿಚಿತ್ರವೇನಲ್ಲ, ಕಡಲ ಪಕ್ಕದ ಮನೆಯ ಮುಕ್ಕಾಲು ತಾಪತ್ರಯ ಇದರಿಂದಲೇ ಅರ್ಥವಾಗುತ್ತದೆ. ಗಾಳಿಯಲ್ಲಿ ತೇಲಿಬರುವ ಉಪ್ಪು ಗೇಟಿನ ಮೇಲೂ ಕೂರುತ್ತದೆ, ಗ್ರಿಲ್ಲಿನ ಮೇಲೂ ಕೂರುತ್ತದೆ. ಗೇಟಿನದನ್ನು ಮಳೆ ತೊಳೆಯುತ್ತದೆ, ಗ್ರಿಲ್ಲಿನದನ್ನು ತೊಳೆಯುವವರಿಲ್ಲ. ಅಡುಗೆಮನೆಯ ಉಪ್ಪಿನ ಡಬ್ಬಿ ಥಂಡಿಗೆ ನೀರೂರುವುದನ್ನು ಕಂಡಿದ್ದೀರಲ್ಲ, ಇಲ್ಲಿ ಆಗುವುದೂ ಅದೇ. ಶುದ್ಧ ಅಡುಗೆ ಉಪ್ಪು ಗಾಳಿಯ ತೇವಾಂಶ ಶೇ. 75 ದಾಟಿದಾಗ ಕರಗಿ ನೀರಾಗುತ್ತದೆ. ಕಡಲುಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇರುತ್ತದೆ, ಅದಕ್ಕೆ ಶೇ. 33ರ ಆಸುಪಾಸಿನ ತೇವವೇ ಸಾಕು. ಹಾಗಾಗಿ ನಮ್ಮ ಕಣ್ಣಿಗೆ ಒಣಗಿದಂತೆ ಕಾಣುವ ಕಬ್ಬಿಣ ವರ್ಷದ ಬಹುಪಾಲು ದಿನ ತೆಳುವಾದ ಉಪ್ಪುನೀರಲ್ಲೇ ಅದ್ದಿಕೊಂಡಿರುತ್ತದೆ.

ಬಣ್ಣ ಗುಳ್ಳೆ ಎದ್ದದ್ದಕ್ಕೂ ಇದೇ ಕಾರಣ. ಸಾಮಾನ್ಯವಾಗಿ ತುಕ್ಕನ್ನು ಕೆರೆದು, ಒಣಬಟ್ಟೆಯಲ್ಲಿ ದೂಳು ಒರೆಸಿ, ಪ್ರೈಮರ್ ಹಚ್ಚಿಬಿಡುತ್ತಾರೆ. ಕಬ್ಬಿಣದ ಸಣ್ಣ ಕುಳಿಗಳಲ್ಲಿ ಉಳಿದ ಉಪ್ಪು ಬಣ್ಣದ ಪದರದ ಮೂಲಕವೇ ನೀರನ್ನು ಒಳಗೆಳೆದುಕೊಳ್ಳುತ್ತದೆ, ಗುಳ್ಳೆ ಏಳುತ್ತದೆ.

ಮುಂದಿನ ಸಲ ಕೆಲಸ ಈ ಕ್ರಮದಲ್ಲಿ ನಡೆಯಲಿ. ಮೊದಲು ಬರೀ ಸಿಹಿನೀರಿನಲ್ಲಿ ತೊಳೆಯಿರಿ. ತೊಳೆಯದೆ ಮರಳು ಕಾಗದ ಹಾಕಿದರೆ ಉಪ್ಪನ್ನು ಇನ್ನಷ್ಟು ಒಳಗೆ ತಿಕ್ಕಿದಂತಾಗುತ್ತದೆ. ಆಮೇಲೆ ತಂತಿ ಬ್ರಷ್ಷಿನಲ್ಲಿ ಸಡಿಲ ತುಕ್ಕೆಲ್ಲ ಕೆರೆದು, ನೈಲಾನ್ ಬ್ರಷ್ ಹಿಡಿದು ಮತ್ತೊಮ್ಮೆ ತೊಳೆಯಿರಿ. ಈ ಎರಡನೇ ತೊಳೆತವನ್ನೇ ಎಲ್ಲರೂ ಬಿಡುವುದು. ತೊಳೆದು ಬಿಟ್ಟ ಸ್ವಲ್ಪ ಹೊತ್ತಿಗೇ ಕುಳಿಗಳಲ್ಲಿ ಕಂದು ಚುಕ್ಕೆ ಮತ್ತೆ ಮೂಡಿದರೆ ಉಪ್ಪು ಇನ್ನೂ ಇದೆ ಎಂದೇ ಲೆಕ್ಕ, ಮೂರನೇ ಸಲ ತೊಳೆಯಬೇಕು. ಚೆನ್ನಾಗಿ ಒಣಗಿದ ಮೇಲೆ ಅದೇ ದಿನ ಜಿಂಕ್ ಫಾಸ್ಫೇಟ್ ಪ್ರೈಮರ್ ಹಚ್ಚಿ. ರಾತ್ರಿ ಕಳೆದರೆ ಹೊಸ ಉಪ್ಪು ಕೂತಿರುತ್ತದೆ. ಅಂಚು ಮತ್ತು ಬೆಸುಗೆ ಇರುವಲ್ಲಿ ಬಣ್ಣ ತೆಳುವಾಗಿ ಜಾರಿಹೋಗುವುದರಿಂದ ಅಲ್ಲಿಗೆ ಮೊದಲೇ ಕುಂಚದಲ್ಲಿ ಒಂದು ಕೈ ಹೆಚ್ಚಿಗೆ ಹಚ್ಚಿಸಿ, ಅದಾದ ಮೇಲೆ ಇಡೀ ಮೈಗೆ ಎರಡು ಕೈ ಪ್ರೈಮರ್, ಎರಡು ಕೈ ಎನಾಮಲ್. ಬಿಸಿಲೇರಿದ ಮೇಲೆ ಶುರುಮಾಡಿ ಮಧ್ಯಾಹ್ನ ಮೂರರೊಳಗೆ ಮುಗಿಸಬೇಕು. ಸಂಜೆಯ ಇಬ್ಬನಿ ಹಸಿ ಬಣ್ಣದ ಮೇಲೆ ಕೂರಬಾರದು. ಟೊಳ್ಳು ಪೈಪಿನ ಗೇಟಾದರೆ ಅತ್ಯಂತ ಕೆಳಗಿನ ಪೈಪಿನ ತಳಕ್ಕೆ 6 ಮಿ.ಮೀ. ತೂತು ಹಾಕಿಸಿ, ಒಳಗೆ ನಿಂತ ನೀರು ಇಳಿದುಹೋಗಲಿ. ಇಂಥ ಗೇಟು ಒಳಗಿನಿಂದಲೇ ಕೊಳೆಯುತ್ತದೆ, ಹೊರಗೆ ಗೊತ್ತಾಗುವಷ್ಟರಲ್ಲಿ ಕಾಲ ಮೀರಿರುತ್ತದೆ.

ಇಷ್ಟೆಲ್ಲ ಮಾಡಿಸಿದ ಮೇಲೂ ಹದಿನೈದು ದಿನಕ್ಕೊಮ್ಮೆ ಸೂರಿನಡಿಯ ಗ್ರಿಲ್, ಚಿಲಕ, ಕೀಲುಗಳಿಗೆ ಪೈಪಿನಿಂದ ನೀರು ಹಾಯಿಸಿ. ಮಳೆ ಮಾಡುವ ಕೆಲಸವನ್ನು ನೀವು ಮಾಡುತ್ತಿದ್ದೀರಿ ಎಂದುಕೊಳ್ಳಿ. ಏಣಿ ಹತ್ತುವ ಸಾಹಸ ಬೇಡ, ನೆಲದ ಮೇಲೆ ನಿಂತೇ ನೀರು ಎಟುಕಿಸುವ ಉದ್ದ ಕೋಲಿನ ನಳಿಕೆ ಸಿಗುತ್ತದೆ.

ಪ್ರಶ್ನೆ: ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಬರುವುದಿಲ್ಲ ಎಂದು ಹೇಳಿ ಮೆಟ್ಟಿಲಿಗೆ ಕೈಹಿಡಿಕೆಯ ಕಂಬಿ ಹಾಕಿಸಿದರು. ಈಗ ಅದರ ಮೇಲೆಲ್ಲ ಚಹಾ ಚೆಲ್ಲಿದಂಥ ಕಂದು ಕಲೆ. ಮೋಸ ಹೋದೆವೇ?

ಉತ್ತರ: ಮೋಸವೋ ಅಲ್ಲವೋ ದರ್ಜೆ ನೋಡಿ ಹೇಳಬೇಕು. ಒಳನಾಡಿಗೆ 304 ದರ್ಜೆ ಸಾಕು. ಉಪ್ಪುಗಾಳಿಗೆ 316 ಬೇಕು, ಅದರಲ್ಲಿರುವ ಶೇ. 2ರಿಂದ 3ರಷ್ಟು ಮಾಲಿಬ್ಡಿನಂ ಉಪ್ಪನ್ನು ತಡೆದುಕೊಳ್ಳುತ್ತದೆ. ಅಗ್ಗಕ್ಕೆ ಸಿಗುವ 202 ಹೊರಾಂಗಣಕ್ಕೆ ಲಾಯಕ್ಕಲ್ಲ. ಅಯಸ್ಕಾಂತ ಹಿಡಿದು ನೋಡಿದರೆ 304 ಯಾವುದು, 316 ಯಾವುದು ಎಂದು ತಿಳಿಯುವುದಿಲ್ಲ, ಬಿಲ್ಲಿನಲ್ಲಿ ದರ್ಜೆ ಬರೆಸಿಕೊಳ್ಳಿ. ಈಗಿನ ಕಲೆಯನ್ನು ಪಾತ್ರೆಯ ಸೋಪು, ಬಿಸಿನೀರು ಮತ್ತು ಮೆತ್ತನೆಯ ಸ್ಪಂಜಿನಿಂದ ಉಜ್ಜಿ ತೆಗೆಯಬಹುದು. ಕಬ್ಬಿಣದ ನಾರು ಮುಟ್ಟಿಸಬೇಡಿ, ಅದರ ಚೂರುಗಳು ಅಲ್ಲೇ ಉಳಿದು ತುಕ್ಕಾಗುತ್ತವೆ. ಬ್ಲೀಚು ಇನ್ನೂ ಕೆಟ್ಟದ್ದು.

ಪ್ರಶ್ನೆ: ಕಪಾಟಿನ ಬಟ್ಟೆಗೆ, ಚಪ್ಪಲಿಗೆ, ಪುಸ್ತಕಕ್ಕೆ ಬೂಷ್ಟು. ಕಿಟಕಿ ತೆರೆದಿಟ್ಟರೆ ಗಾಳಿಯಾಡಿ ಒಣಗುತ್ತದೆ ಎಂದು ನಮ್ಮವರು, ತೆರೆದರೆ ಥಂಡಿ ಒಳಗೆ ಬರುತ್ತದೆ ಎಂದು ನಾನು. ದಿನವೂ ಇದೇ ಜಗಳ. ಯಾರದ್ದು ಸರಿ?

ಉತ್ತರ: ಇಬ್ಬರದ್ದೂ ಸರಿ, ದಿನ ಬೇರೆ ಬೇರೆ ಅಷ್ಟೆ. ಹೊರಗೆ 30 ಡಿಗ್ರಿ ಸೆಖೆ, ಶೇ. 80 ತೇವ ಇದೆ ಎನ್ನಿ. ಆ ಗಾಳಿ ಸುಮಾರು 26 ಡಿಗ್ರಿಗೆ ತಣಿದರೂ ಸಾಕು, ನೀರು ಬಿಡುತ್ತದೆ. ನಿಮ್ಮ ಒಳಗೋಡೆಯೋ ನೆಲವೋ 25 ಡಿಗ್ರಿಯಲ್ಲಿದ್ದರೆ, ಕಿಟಕಿ ತೆರೆಯುವುದೆಂದರೆ ಗೋಡೆಗೆ ನೀರು ಚಿಮುಕಿಸಿದಂತೆಯೇ. ನೆಲದ ಟೈಲ್ಸ್ ಬೆವರುತ್ತಿರುವ ದಿನ ಮುಚ್ಚಿಡಿ. ಹೊರಗೆ ಬಿಸಿಲು ಕಾದು ಒಣಗಾಳಿ ಬೀಸುವ ಮಧ್ಯಾಹ್ನ ಎದುರುಬದುರಿನ ಕಿಟಕಿ ತೆರೆದು ಒಂದೆರಡು ಗಂಟೆ ಬಿಡಿ. ಅಂದಾಜಿನ ಬದಲು ತೇವಮಾಪಕ ತಂದಿಟ್ಟುಕೊಂಡರೆ ಜಗಳಕ್ಕೂ ತೆರೆ. ಶೇ. 60ರೊಳಗಿದ್ದರೆ ಬೂಷ್ಟಿನ ಭಯವಿಲ್ಲ, 70 ದಾಟಿ ಹಾಗೇ ನಿಂತರೆ ಅದು ಬಂದೇ ಬರುತ್ತದೆ. ಮಾಪಕವನ್ನು ಹಾಲಿನಲ್ಲಿಟ್ಟು ಫಲವಿಲ್ಲ, ಕಪಾಟಿನೊಳಗೇ ಇಡಿ. ಅಲ್ಲಿಯ ಲೆಕ್ಕವೇ ಬೇರೆ.

ಕಪಾಟು ಹೊರಗೋಡೆಗೆ ಅಂಟಿಕೊಂಡಿದ್ದರೆ ಹಿಂದೆ ನಾಲ್ಕು ಬೆರಳು ಸಂದು ಬಿಡಿ. ಬಟ್ಟೆಯನ್ನು ಇಸ್ತ್ರಿಯ ಬಿಸಿಯಲ್ಲೇ ಒಳಗಿಡಬೇಡಿ, ಆ ಬಿಸಿಯಲ್ಲಿ ಹಬೆ ಇರುತ್ತದೆ, ಅರ್ಧ ಗಂಟೆ ಹೊರಗೆ ಆರಲಿ. ಒಗೆದದ್ದನ್ನು ಕೋಣೆಯೊಳಗೆ ಹರವಿದರೆ ಒಂದೆರಡು ಲೀಟರ್ ನೀರು ಆ ಕೋಣೆಯ ಗಾಳಿಗೇ ಸೇರಿತೆಂದು ತಿಳಿಯಿರಿ.

ತೇವ ಹೀರಲು ಸಿಗುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ಸಣ್ಣ ಕಪಾಟಿಗೆ ಆದೀತು, ಕೋಣೆಗೆ ಆಗದು. ಡಬ್ಬಿಯ ಅಡಿಯಲ್ಲಿ ತುಂಬುವ ದ್ರವ ಚರ್ಮವನ್ನೂ ಲೋಹವನ್ನೂ ಕೆಡಿಸುತ್ತದೆ. ಹಾಗಾಗಿ ಅದನ್ನು ಕಪಾಟಿನ ತಳದಲ್ಲಿ ತಟ್ಟೆಯ ಮೇಲಿಡಿ, ಬಟ್ಟೆಯ ಮೇಲಿನ ಅಟ್ಟದಲ್ಲಿ ಬೇಡ. ಇಡೀ ಮಲಗುವ ಕೋಣೆಗಾದರೆ ತೇವ ತೆಗೆಯುವ ಯಂತ್ರವೇ ಬೇಕು. ದಿನಕ್ಕೆ 10ರಿಂದ 12 ಲೀಟರ್ ಸಾಮರ್ಥ್ಯದ್ದು ನೋಡಿ. ಬಾಗಿಲು ಕಿಟಕಿ ಮುಚ್ಚಿ ನಡೆಸದಿದ್ದರೆ ಅದು ಸಮುದ್ರವನ್ನೇ ಒಣಗಿಸಲು ಹೊರಟಂತೆ. ಕೊಳ್ಳುವಾಗ ಹಿಂಬದಿಗೆ ಪೈಪು ಸಿಕ್ಕಿಸುವ ತೂತು ಇದೆಯೇ ನೋಡಿಕೊಳ್ಳಿ. ದಿನಾ ತುಂಬಿದ ತೊಟ್ಟಿ ಎತ್ತಿ ಬಚ್ಚಲಿಗೆ ಸುರಿಯುವುದು ಅರವತ್ತು ದಾಟಿದ ಸೊಂಟಕ್ಕೆ ಒಳ್ಳೆಯ ಕೆಲಸವಲ್ಲ.

ಈಗಾಗಲೇ ಬಂದಿರುವ ಬೂಷ್ಟನ್ನು ಕೋಣೆಯೊಳಗೆ ಒಣಗಿದ್ದಂತೆ ಕೊಡವಬೇಡಿ, ಅದರ ಬೀಜಕಣ ಮನೆಯೆಲ್ಲ ಹರಡುತ್ತದೆ. ಮಾಸ್ಕ್ ಹಾಕಿಕೊಂಡು ಹೊರಗೆ ತಂದು, ಮರಕ್ಕೂ ಚರ್ಮಕ್ಕೂ ಶೇ. 70ರ ಆಲ್ಕೊಹಾಲ್ ಅದ್ದಿದ ಬಟ್ಟೆಯಿಂದ ಒರೆಸಿ. ಬಣ್ಣ ಬಿಡುತ್ತದೆಯೇ ಎಂದು ಮೊದಲು ಮೂಲೆಯಲ್ಲಿ ಪರೀಕ್ಷಿಸಿ, ಹತ್ತಿರ ಬೆಂಕಿ ಇರಬಾರದು. ಪುಸ್ತಕವನ್ನು ಒದ್ದೆ ಬಟ್ಟೆಯಿಂದ ಒರೆಸಬೇಡಿ. ನೆರಳಲ್ಲಿ ಹಾಳೆ ಬಿಡಿಸಿ ಒಣಗಿಸಿ, ಮೆತ್ತನೆಯ ಕುಂಚದಿಂದ ಹೊರಗಡೆಯೇ ಜಾಡಿಸಿ. ಬ್ಲೀಚನ್ನು ವಿನೆಗರ್ ಜೊತೆಗಾಗಲಿ ಅಮೋನಿಯ ಇರುವ ದ್ರವದ ಜೊತೆಗಾಗಲಿ ಎಂದೂ ಬೆರೆಸಬಾರದು, ವಿಷಾನಿಲ ಬರುತ್ತದೆ.

ಪ್ರಶ್ನೆ: ಮಳೆಗಾಲ ಬಂತೆಂದರೆ ಬಚ್ಚಲ ಬಾಗಿಲು ಹಿಡಿದುಕೊಳ್ಳುತ್ತದೆ. ಒಮ್ಮೆ ಯಜಮಾನರು ಒಳಗೇ ಸಿಕ್ಕಿಕೊಂಡರು. ಕೀಸಿಸಿಬಿಡೋಣವೇ?

ಉತ್ತರ: ಅವಸರ ಬೇಡ. ಮಳೆಗಾಲದಲ್ಲಿ ಕೀಸಿದ ಬಾಗಿಲು ಬೇಸಗೆಯಲ್ಲಿ ಸಂದು ಬಿಡುತ್ತದೆ. ಮೊದಲು ಮೇಲಿನ ಕೀಲಿನ ತಿರುಪು ಸಡಿಲವಾಗಿದೆಯೇ ನೋಡಿ. ಹಲವು ಸಲ ಮರ ಉಬ್ಬಿರುವುದಿಲ್ಲ, ಬಾಗಿಲೇ ಜೋತುಬಿದ್ದಿರುತ್ತದೆ. ಹಳೆಯ ತಿರುಪಿನ ಬದಲು 75 ಮಿ.ಮೀ. ಉದ್ದದ್ದನ್ನು ಚೌಕಟ್ಟಿನೊಳಗೆ ಹೋಗುವಂತೆ ಬಿಗಿದರೆ ಬಾಗಿಲು ಮೇಲೇಳುತ್ತದೆ. ನಿಜವಾಗಿ ಉಬ್ಬಿದ್ದರೆ ಚೌಕಟ್ಟಿಗೂ ಬಾಗಿಲಿಗೂ ನಡುವೆ ಕಾರ್ಬನ್ ಕಾಗದ ಹಿಡಿದು ಮುಚ್ಚಿ, ಗುರುತು ಬಿದ್ದಲ್ಲಿ ಮೇಣದ ಬತ್ತಿ ತಿಕ್ಕಿ ಈ ಮಳೆಗಾಲ ಕಳೆಯಿರಿ. ಒಣ ದಿನಗಳಲ್ಲಿ ಬಾಗಿಲು ಇಳಿಸಿ ಅಷ್ಟೇ ಜಾಗ ಒಂದೆರಡು ಮಿ.ಮೀ. ಕೀಸಿಸಿ. ಕೀಸಿದ ಅಂಚಿಗೂ, ಯಾರೂ ನೋಡದ ಕೆಳಂಚು ಮೇಲಂಚಿಗೂ ಬಣ್ಣವೋ ವಾರ್ನಿಷೋ ಎರಡು ಕೈ ಆಗಲೇಬೇಕು. ನೀರು ಹೀರುವುದು ಆ ಬರಿ ಅಂಚೇ.

ಒಳಗೆ ಸಿಕ್ಕಿಕೊಂಡ ಮಾತು ಇದಕ್ಕಿಂತ ದೊಡ್ಡದು. ಬಚ್ಚಲಿಗೆ ಹೊರಗಿನಿಂದ ನಾಣ್ಯ ಹಾಕಿ ತಿರುಗಿಸಿ ತೆಗೆಯಬಹುದಾದ ಚಿಲಕ ಹಾಕಿಸಿ. ಬಾಗಿಲು ಒಳಕ್ಕೆ ತೆರೆಯುವಂಥದ್ದಾದರೆ ಹೊರಕ್ಕೆ ತೆರೆಯುವಂತೆ ಬದಲಿಸುವುದು ಮೇಲು. ಒಳಗೆ ಬಿದ್ದವರ ಮೈಯೇ ಬಾಗಿಲಿಗೆ ಅಡ್ಡವಾಗುತ್ತದೆ.

ಪ್ರಶ್ನೆ: ಸಂಜೆಯಾದರೆ ಮನೆಯ ಕರೆಂಟು ತಾನಾಗಿ ಟ್ರಿಪ್ ಆಗುತ್ತದೆ, ಮಧ್ಯಾಹ್ನ ಎಲ್ಲ ಸರಿ. ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್ಚು) ತೆಗೆದುಬಿಡಿ ಎನ್ನುತ್ತಾರೆ ರಿಪೇರಿಗೆ ಬಂದವರು.

ಉತ್ತರ: ತೆಗೆಸಬೇಡಿ. 30 ಮಿಲಿಆಂಪ್‌ನದು ಅಷ್ಟು ಸಣ್ಣ ಸೋರಿಕೆಗೇ ಬೀಳುತ್ತದೆ, ಜೀವರಕ್ಷಣೆಗೆ ಇರುವಂಥದ್ದು, ಅದರ ಬದಲು 100ರದ್ದು ಹಾಕುವುದೂ ಬೇಡ. ಸಂಜೆಯೇ ಏಕೆ ಎಂಬುದರಲ್ಲಿ ಉತ್ತರದ ಸುಳಿವಿದೆ. ಗೇಟಿನ ದೀಪ, ಕರೆಗಂಟೆ, ಪಂಪಿನ ಸ್ವಿಚ್ಚು ಇಂಥ ಹೊರಗಿನ ಪೆಟ್ಟಿಗೆಗಳೊಳಗೆ ಕೂತ ಉಪ್ಪು ಸಂಜೆಯ ಥಂಡಿಗೆ ನೀರಾಗಿ ಕರೆಂಟು ಸೋರುತ್ತದೆ, ಬಿಸಿಲಿಗೆ ಒಣಗುತ್ತದೆ. ಟ್ರಿಪ್ ಆದಾಗ ಎಲ್ಲ ಎಂಸಿಬಿ (ಒಂದೊಂದು ಲೈನಿಗೆ ಇರುವ ಬೇರೆ ಬೇರೆ ಸ್ವಿಚ್ಚು) ಕೆಳಗಿಳಿಸಿ, ಆರ್‌ಸಿಸಿಬಿ ಎತ್ತಿ, ಒಂದೊಂದೇ ಎಂಸಿಬಿ ಏರಿಸುತ್ತ ಬನ್ನಿ. ಯಾವುದಕ್ಕೆ ಬಿದ್ದಿತೋ ಆ ಲೈನು. ಎಲ್ಲ ಇಳಿಸಿದಾಗಲೂ ಬೀಳುತ್ತಿದ್ದರೆ ನ್ಯೂಟ್ರಲ್ ತಂತಿ ಎಲ್ಲೋ ಭೂಮಿಗೆ ತಾಗುತ್ತಿರಬಹುದು. ಸಾಮಾನ್ಯ ಎಂಸಿಬಿ ಫೇಸನ್ನಷ್ಟೇ ಕಡಿಯುವುದರಿಂದ ಈ ದೋಷ ಹೀಗೆ ಅಡಗಿ ಕೂರುತ್ತದೆ. ಎಲ್ಲ ಪ್ಲಗ್ ಕಿತ್ತು ನೋಡಿ. ಪೆಟ್ಟಿಗೆ ಬಿಚ್ಚುವ ಕೆಲಸ ಮಾತ್ರ ಎಲೆಕ್ಟ್ರಿಷಿಯನ್‌ಗೆ ಬಿಡಿ. ಕಿಲುಬು ಹಿಡಿದ ತುದಿ ಕತ್ತರಿಸಿ ಹೊಸದಾಗಿ ಬಿಗಿಯಲಿ, ತಂತಿ ಪೆಟ್ಟಿಗೆಯೊಳಗೆ ಕೆಳಗಿನಿಂದ ಹೋಗುವಂತಿರಲಿ. ಮೇಲಿನಿಂದ ಹೋದ ತಂತಿ ನೀರನ್ನೂ ಕರೆದೊಯ್ಯುತ್ತದೆ. ಮೂರು ತಿಂಗಳಿಗೊಮ್ಮೆ ಟೆಸ್ಟ್ ಗುಂಡಿ ಒತ್ತಿ ನೋಡುತ್ತಿರಿ.

ಪ್ರಶ್ನೆ: ಬೇಸಗೆಯಲ್ಲಿ ಬಾವಿನೀರು ಉಪ್ಪುಪ್ಪು. ಇಬ್ಬರಿಗೂ ರಕ್ತದೊತ್ತಡವಿದೆ. ಕುದಿಸಿ ಕುಡಿದರೆ ಸಾಲದೇ?

ಉತ್ತರ: ಕುದಿಸಿದರೆ ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ, ಆದ್ದರಿಂದ ಉಪ್ಪಿನ ಸಾಂದ್ರತೆ ಹೆಚ್ಚುತ್ತದೆಯೇ ಹೊರತು ತಗ್ಗದು. ಗಡಸು ನೀರನ್ನು ಮೆದುಗೊಳಿಸುವ ಸಾಫ್ಟನರ್ ಕೂಡ ಬೇಡ, ಅದು ಕ್ಯಾಲ್ಸಿಯಂ ತೆಗೆದು ಅದರ ಜಾಗಕ್ಕೆ ಸೋಡಿಯಂ ಬಿಡುತ್ತದೆ. ಕುಡಿಯಲು, ಅಡುಗೆಗೆ ಆರ್‌ಒ ಅಥವಾ ಹೊರಗಿನ ಸಿಹಿನೀರು. ನಾಲಿಗೆಗೆ ಉಪ್ಪು ಗೊತ್ತಾಗುವುದು ಲೀಟರಿಗೆ ಸುಮಾರು 200 ಮಿಲಿಗ್ರಾಂ ಸೋಡಿಯಂ ಇದ್ದಾಗ. ಅಂಥ ನೀರು ದಿನಕ್ಕೆ ಎರಡು ಲೀಟರ್ ಕುಡಿದರೆ 400 ಮಿಲಿಗ್ರಾಂ ಆಯಿತು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನವಿಡೀ ಹೇಳುವ ಮಿತಿಯೇ 2000ದ ಒಳಗೆ. ಪ್ರಯೋಗಾಲಯದಲ್ಲಿ ಸೋಡಿಯಂ ಮತ್ತು ಕ್ಲೋರೈಡ್ ಎರಡನ್ನೂ ಅಳೆಸಿ, ವರದಿಯನ್ನು ವೈದ್ಯರಿಗೆ ತೋರಿಸಿ. ಟಿಡಿಎಸ್ ಮೀಟರು ಒಟ್ಟು ಲವಣವನ್ನಷ್ಟೇ ಹೇಳುತ್ತದೆ, ಆದರೆ ತಿಂಗಳಿಗೊಮ್ಮೆ ಬರೆದಿಟ್ಟರೆ ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯುತ್ತದೆ.

ಬಾವಿಯನ್ನು ಒಂದೇ ಸಮನೆ ಎಳೆಯಬೇಡಿ. ಸಿಹಿನೀರು ಹಗುರ, ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಸಮುದ್ರಮಟ್ಟಕ್ಕಿಂತ ಒಂದು ಮೀಟರ್ ಮೇಲೆ ಸಿಹಿನೀರು ನಿಂತಿದ್ದರೆ ಕೆಳಗೆ ಸುಮಾರು 40 ಮೀಟರ್ ಸಿಹಿನೀರಿದೆ ಎಂಬುದು ಲೆಕ್ಕ. ಮೇಲೆ ಸ್ವಲ್ಪ ತಗ್ಗಿದರೂ ಅಡಿಯಿಂದ ಉಪ್ಪು ಬಹಳ ಏರಲು ಇದೇ ಕಾರಣ. ಹದಿನೈದು ನಿಮಿಷ ಪಂಪು, ಒಂದೆರಡು ಗಂಟೆ ಬಿಡುವು, ಮತ್ತೆ ಹದಿನೈದು ನಿಮಿಷ. ಪಂಪಿನ ಬಾಯಿ ತಳದಲ್ಲಿದ್ದರೆ ಮೇಲಕ್ಕೆತ್ತಿಸಿ.

ಇದೇ ನೀರು ಗೀಸರಿಗೂ ಹೋಗುತ್ತಿದ್ದರೆ ಅದರೊಳಗಿನ ಮೆಗ್ನೀಸಿಯಂ ಸರಳನ್ನು ವರ್ಷಕ್ಕೊಮ್ಮೆ ತೆಗೆಸಿ ನೋಡಿ. ಟ್ಯಾಂಕಿನ ಬದಲು ತಾನು ಸವೆಯುವುದೇ ಅದರ ಕೆಲಸ. ಅರ್ಧಕ್ಕರ್ಧ ತೆಳ್ಳಗಾಗಿದ್ದರೆ ಬದಲಿಸಿ.

ಪ್ರಶ್ನೆ: ಮಗಳ ಮನೆಗೆ ಎರಡು ತಿಂಗಳು ಹೋಗಿ ಬರುವವರಿದ್ದೇವೆ. ಬೀಗ ಹಾಕುವ ಮುಂಚೆ ಏನೇನು ಮಾಡಬೇಕು?

ಉತ್ತರ: ಫ್ರಿಜ್ ಬರಿದು ಮಾಡಿ, ಒರೆಸಿ, ಬಾಗಿಲಿಗೆ ಮಡಿಸಿದ ಬಟ್ಟೆ ಸಿಕ್ಕಿಸಿ ತೆರೆದೇ ಇಡಿ. ಮುಚ್ಚಿಟ್ಟರೆ ಒಳಗೆಲ್ಲ ಕಪ್ಪು ಬೂಷ್ಟು. ಕಪಾಟುಗಳ ಬಾಗಿಲೂ ಹಾಗೇ ಓರೆಯಾಗಿರಲಿ, ಹಾಸಿಗೆ ಗೋಡೆಯಿಂದ ದೂರ ನಿಲ್ಲಲಿ. ಮುಖ್ಯ ನಲ್ಲಿ ಮತ್ತು ಗೀಸರ್ ಬಂದ್. ಎಸಿಯ ಹೊರಘಟಕದ ಕರೆಂಟು ತೆಗೆದು, ಮೆಲ್ಲನೆಯ ಸಿಹಿನೀರಿನಲ್ಲಿ ಅದರ ರೆಕ್ಕೆಗಳನ್ನು ತೊಳೆದು ಹೋಗಿ. ರಭಸದ ಪಂಪು ಹಿಡಿದರೆ ರೆಕ್ಕೆ ಮಡಚಿಕೊಳ್ಳುತ್ತದೆ. ಬೀಗಕ್ಕೆ ಎಣ್ಣೆ ಬಿಡುವುದು ಬೇಡ, ಮರಳು ಅಂಟಿ ಗಂಜಿಯಾಗುತ್ತದೆ. ಗ್ರಾಫೈಟ್ ಪುಡಿ ಊದಿ ಕೀಲಿ ನಾಲ್ಕು ಸಲ ತಿರುಗಿಸಿ.

ಬಹಳ ಮಂದಿ ಮರೆಯುವುದು ಬಚ್ಚಲ ಮೋರಿ. ಅದರ ಬಾಗಿದ ಪೈಪಿನಲ್ಲಿ ನಿಂತ ನೀರೇ ಕೊಳಚೆ ವಾಸನೆಗೂ ಜಿರಳೆಗೂ ತಡೆ. ಎರಡು ತಿಂಗಳಲ್ಲಿ ಅದು ಆರಿಹೋಗುತ್ತದೆ. ಹೊರಡುವ ಮುನ್ನ ಪ್ರತಿ ಮೋರಿಗೂ ಅರ್ಧ ಬಕೆಟ್ ನೀರು ಹಾಕಿ, ಕೊನೆಗೆ ಎರಡು ಚಮಚ ಅಡುಗೆ ಎಣ್ಣೆ ಬಿಡಿ. ಎಣ್ಣೆ ಮೇಲೆ ತೇಲಿ ನೀರು ಆರದಂತೆ ಹಿಡಿದಿಡುತ್ತದೆ.