ಕೀ ಆನ್ ಮಾಡಿದರೂ ಬ್ಯಾಟರಿ ದೀಪ ಹತ್ತುತ್ತಿಲ್ಲ, ಯಾಕೆ?

ಪ್ರಶ್ನೆ: ನನ್ನದು ಹಳೇ ಡೀಸೆಲ್ ಪಿಕಪ್. ಶ್ರೀನಿವಾಸಪುರದ ಕಡೆಯಿಂದ ಕೋಲಾರ ಎಪಿಎಂಸಿಗೆ ಟೊಮೆಟೊ ಹೊಡೆಯುತ್ತೇನೆ. ಕೀ ಆನ್ ಮಾಡಿದಾಗ ಆಯಿಲ್ ದೀಪ ಹತ್ತುತ್ತದೆ, ಬ್ಯಾಟರಿ ಗುರುತಿನ ಕೆಂಪು ದೀಪ ಮಾತ್ರ ಹತ್ತುವುದಿಲ್ಲ. ದೀಪ ಬರಲಿಲ್ಲ ಅಂದರೆ ಚಾರ್ಜಿಂಗ್ ಸರಿಯಿದೆ ಅಂದುಕೊಂಡಿದ್ದೆ. ಈಗ ಬೆಳಗ್ಗೆ ಸೆಲ್ಫ್ ಎಳೆಯುತ್ತಿಲ್ಲ. ಹೊಸ ಬ್ಯಾಟರಿ ಹಾಕಿದರೂ ಅದೇ ಪಾಡು. ಏನು ನೋಡಿಸಬೇಕು ಸಾರ್?

ಉತ್ತರ: ಎಂಜಿನ್ ಓಡುವಾಗ ಆ ದೀಪ ಆರಿರಬೇಕು ನಿಜ. ಆದರೆ ಕೀ ಆನ್ ಆಗಿ ಎಂಜಿನ್ ಇನ್ನೂ ನಿಂತಿರುವಾಗ ಹತ್ತಲೇಬೇಕು. ಹಳೇ ಗಾಡಿಗಳಲ್ಲಿ ಅದು ಬರೀ ಸೂಚನೆಯ ದೀಪವಲ್ಲ. ಆ ಬಲ್ಬಿನ ಮೂಲಕವೇ ಕರೆಂಟು ಆಲ್ಟರ್ನೇಟರಿನ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ‘ಡೈನಮೋ’) ಸಣ್ಣ ಟರ್ಮಿನಲ್‌ಗೆ (ಡಿ ಪ್ಲಸ್ ಅಥವಾ ಎಲ್ ಎಂದು ಬರೆದಿರುತ್ತದೆ) ಹೋಗಿ, ಕಾರ್ಬನ್ ಬ್ರಷ್ ದಾಟಿ, ಒಳಗೆ ತಿರುಗುವ ಸುರುಳಿಯಾದ ರೋಟರನ್ನು ಅಯಸ್ಕಾಂತವಾಗಿಸುತ್ತದೆ. ಈ ದಾರಿ ಎಲ್ಲಿ ತುಂಡಾದರೂ ದೀಪವೂ ಇಲ್ಲ, ಚಾರ್ಜೂ ಶುರುವಾಗದೇ ಹೋಗಬಹುದು. ರಾತ್ರಿ ಐಡ್ಲಿಂಗ್‌ನಲ್ಲಿ ಮಂಕಾಗಿದ್ದ ಹೆಡ್‌ಲೈಟ್ ಒಮ್ಮೆ ಜೋರಾಗಿ ರೇಸ್ ಮಾಡಿದ ಮೇಲೆ ಬೆಳ್ಳಗಾಗಿ ಹಾಗೇ ಉಳಿದರೆ ಅನುಮಾನ ಇದರ ಮೇಲೇ.

ಆಯಿಲ್ ದೀಪ ಬರುತ್ತಿರುವುದರಿಂದ ಮೀಟರಿನ ಫ್ಯೂಸ್ ಬಹುಪಾಲು ಸರಿಯಿದೆ. ಕೀ ಆಫ್ ಮಾಡಿ ಆಲ್ಟರ್ನೇಟರ್ ಹಿಂದಿನ ಸಣ್ಣ ವೈರ್ ಬಿಚ್ಚಿ. ಮತ್ತೆ ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ, ವೈರಿನ ತುದಿಯನ್ನು ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಮುಟ್ಟಿಸಿ. ಸಾಕೆಟ್ಟಿನಲ್ಲಿ ಎರಡು ಮೂರು ವೈರಿದ್ದರೆ ಎಲ್ ವೈರನ್ನೇ ಗುರುತಿಸಿಕೊಳ್ಳಿ, ಬೇರೆಯದು ಮುಟ್ಟಿದರೆ ಫ್ಯೂಸ್ ಹೋದೀತು. ಪಕ್ಕದ ದಪ್ಪ ವೈರಿನ ತಂಟೆಗಂತೂ ಹೋಗಬೇಡಿ. ಅದು ಬ್ಯಾಟರಿಯಿಂದ ನೇರ ಬಂದದ್ದು, ಕೀ ಆಫ್ ಇದ್ದರೂ ಕಿಡಿ ಹಾರುತ್ತದೆ. ಇಸಿಯು (ಎಂಜಿನ್ ಕಂಪ್ಯೂಟರ್) ನಿಯಂತ್ರಿಸುವ ಹೊಸ ಗಾಡಿಗಳಲ್ಲಿ ಈ ಪರೀಕ್ಷೆ ಮಾಡಕೂಡದು, ಅವಕ್ಕೆ ಸ್ಕ್ಯಾನರೇ ಸರಿ.

ದೀಪ ಹತ್ತಿತೋ, ಬಲ್ಬು ವೈರು ಎರಡೂ ಸರಿ, ರೋಗ ಆಲ್ಟರ್ನೇಟರ್ ಒಳಗೇ ಇದೆ. ಮೊದಲು ಬ್ರಷ್ ನೋಡಿಸಿ. ಹೊರಗೆ ಚಾಚಿದ ಭಾಗ ಸುಮಾರು 5 ಮಿ.ಮೀ.ಗಿಂತ ಕಡಿಮೆಯಿದ್ದರೆ ಬದಲಿಸಬೇಕು. ಉದ್ದ ಸಾಕಷ್ಟಿದ್ದರೂ ದೂಳು ತುಂಬಿ ಗೂಡಿನಲ್ಲೇ ಸಿಕ್ಕಿಕೊಂಡಿರುವುದುಂಟು. ರೋಟರಿನ ಮೇಲೆ ಬ್ರಷ್ ತಾಗುವ ಎರಡು ಸ್ಲಿಪ್ ರಿಂಗ್‌ಗಳ ನಡುವೆ ಮಲ್ಟಿಮೀಟರ್ ಇಟ್ಟರೆ ಸಾಮಾನ್ಯವಾಗಿ 2ರಿಂದ 5 ಓಮ್ ತೋರಿಸುತ್ತದೆ. ಏನೂ ತೋರಿಸದಿದ್ದರೆ ರೋಟರಿನ ಸುರುಳಿ ಕಡಿದಿದೆ. ಇವೆರಡೂ ಸರಿಯಿದ್ದರೆ ಉಳಿಯುವುದು ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್.

ಹತ್ತಲಿಲ್ಲವೋ, ಮೀಟರ್ ಹಿಂದಿನ ಹೋಲ್ಡರನ್ನು ತಿರುವಿ ತೆಗೆದು ಬಲ್ಬ್ ನೋಡಿ. ಸೆಕೆಂಡ್ ಹ್ಯಾಂಡ್ ಗಾಡಿಯಾದರೆ ಅಲ್ಲಿ ಬಲ್ಬೇ ಇಲ್ಲದಿರಬಹುದು. ಆರದೇ ಉರಿಯುವ ದೀಪವನ್ನು ಮಾರುವ ಮುಂಚೆ ಕಿತ್ತುಹಾಕುವ ಕೈಚಳಕ ಹೊಸದೇನಲ್ಲ. ಹಾಕುವಾಗ ಅಷ್ಟೇ ವ್ಯಾಟಿನ ಬಲ್ಬ್ ಹಾಕಿ. ಎಲ್‌ಇಡಿ ಬೇಡ, ರೋಟರಿಗೆ ಬೇಕಾದಷ್ಟು ಕರೆಂಟನ್ನು ಅದು ಬಿಡುವುದಿಲ್ಲ. ಬಲ್ಬೂ ಸರಿಯಿದ್ದರೆ ವೈರನ್ನು ಉದ್ದಕ್ಕೂ ತಡಕಿ: ಇಲಿ ಕಡಿದಿರುತ್ತದೆ, ಇಲ್ಲವೇ ಸಾಕೆಟ್ ಪಿನ್ನಿಗೆ ಹಸಿರು ಕಿಲುಬು ಹಿಡಿದಿರುತ್ತದೆ.

ರಿಪೇರಿಯಾದ ಮೇಲೆ ಎಂಜಿನ್ ಓಡುವಾಗ ಬ್ಯಾಟರಿ ಮೇಲೆ 13.8ರಿಂದ 14.4 ವೋಲ್ಟ್ ಇರಬೇಕು. ಓಡುವ ಎಂಜಿನ್ನಿನ ಬ್ಯಾಟರಿ ಟರ್ಮಿನಲ್ ಕಿತ್ತು ‘ಡೈನಮೋ ಟೆಸ್ಟ್’ ಮಾಡುವವರಿಗೆ ಬಾನೆಟ್ ತೆರೆಯಬೇಡಿ. ವೋಲ್ಟೇಜ್ ಏಕಾಏಕಿ ಏರಿ ಡಯೋಡು, ರೆಗ್ಯುಲೇಟರ್ ಸುಡುತ್ತವೆ. ಪೂರ್ತಿ ಇಳಿದಿರುವ ನಿಮ್ಮ ಹೊಸ ಬ್ಯಾಟರಿಯನ್ನು ಅಂಗಡಿಯಲ್ಲಿ ನಿಧಾನ ಚಾರ್ಜಿಗೆ ಹಾಕಿಸಿಯೇ ಗಾಡಿಗೆ ಕೂರಿಸಿ.