ಬಲೆಯಲ್ಲಿ ಹುಳದ ಸಿಪ್ಪೆ ಮಾತ್ರ ಉಳಿಯುತ್ತದಲ್ಲ, ಜೇಡ ರಕ್ತ ಹೀರುತ್ತದಾ?

ಬರೀ ರಕ್ತ ಅಲ್ಲ. ಜೇಡ ಹುಳದ ಮೈಯೊಳಗಿನ ಮಾಂಸವನ್ನೆಲ್ಲ ಕರಗಿಸಿ ಕುಡಿಯುತ್ತದೆ. ಹೊರಗಿನ ಗಟ್ಟಿ ಚಿಪ್ಪು ಕರಗುವುದಿಲ್ಲ, ಅದೇ ಉಳಿಯುವುದು.

ಅದರ ಬಾಯಿ ತುಂಬಾ ಸಣ್ಣದು, ಗಟ್ಟಿ ಚೂರು ಬಂದರೆ ಸುತ್ತಲಿನ ಕೂದಲೇ ಸೋಸಿಬಿಡುತ್ತದೆ. ಹಾಗಾಗಿ ನಮ್ಮ ಹೊಟ್ಟೆಯಲ್ಲಿ ಆಗುವ ಕೆಲಸ ಅದಕ್ಕೆ ಮೈಯ ಹೊರಗೇ ಶುರುವಾಗಬೇಕು.

ಶಿರಸಿ ಕಡೆ ಮಳೆಗಾಲ ಮುಗಿಯುವ ಹೊತ್ತಿಗೆ ತೋಟದಲ್ಲಿ ಎರಡು ಮರದ ನಡುವೆ ಹಳದಿ ಹೊಳಪಿನ ಬಲೆ ಕಟ್ಟಿ, ತಲೆಕೆಳಗಾಗಿ ಕೂರುವ ಉದ್ದ ಕಾಲಿನ ದೊಡ್ಡ ಜೇಡ ನೋಡಿರುತ್ತೀರಿ ಅಲ್ವಾ? ಅದಕ್ಕೆ ಕಣ್ಣು ಅಷ್ಟಕ್ಕಷ್ಟೇ. ಎಳೆ ನಡುಗಿದ್ದು ಕಾಲಿಗೆ ಗೊತ್ತಾಗಿ ಓಡಿ ಬರುತ್ತದೆ. ಮೊದಲು ಕಚ್ಚಿ ವಿಷ ಬಿಟ್ಟು, ಹುಳ ಒದ್ದಾಡುವುದು ನಿಂತ ಮೇಲೆ ಹಿಂಗಾಲಿನಿಂದ ನೂಲೆಳೆದು ಸುತ್ತುತ್ತದೆ. ಆಮೇಲೆ ಬಾಯಿಂದ ಜೀರ್ಣರಸ ಕಾರುತ್ತದೆ, ಕರಗಿದ್ದನ್ನು ಹೀರುತ್ತದೆ, ಮತ್ತೆ ಕಾರುತ್ತದೆ, ಮತ್ತೆ ಹೀರುತ್ತದೆ. ಹುಳ ದೊಡ್ಡದಾದರೆ ಇದೇ ಕೆಲಸ ಗಂಟೆಗಟ್ಟಲೆ.

ಸಿಪ್ಪೆ ಇಡಿಯಾಗಿ ಸಿಗುತ್ತದೋ ಇಲ್ಲವೋ ಅನ್ನುವುದು ಅದು ಯಾವ ಜೇಡ ಅನ್ನುವುದರ ಮೇಲಿದೆ. ಈ ತೋಟದ ಜೇಡ ದವಡೆಯಿಂದ ಜಗಿದು ನುಜ್ಜು ಮಾಡುವುದು ಜಾಸ್ತಿ. ಹೂವಿನ ಮೇಲೆ ಹೊಂಚು ಹಾಕುವ ಏಡಿ ಜೇಡ ಸಣ್ಣ ತೂತಿನಿಂದಲೇ ಎಲ್ಲ ಹೀರಿ ಮುಗಿಸುತ್ತದೆ.