ಓದುಗರ ಪ್ರಶ್ನೆ: ಹೂವಿಲ್ಲದಾಗ ಜೇನಿಗೆ ಏನು ಕೊಡಬೇಕು?

ಪ್ರಶ್ನೆ: ಜೇನುಪೆಟ್ಟಿಗೆಯ ಬಾಗಿಲಲ್ಲಿ ಜೇನುನೊಣಗಳ ಓಡಾಟ ಚೆನ್ನಾಗಿದೆ. ಆದರೂ ಒಳಗೆ ಆಹಾರ ಮುಗಿದಿರಬಹುದೇ?

ಉತ್ತರ: ಇರಬಹುದು. ಹೂವಿಲ್ಲದಾಗಲೂ ನೊಣಗಳು ಆಹಾರ ಹುಡುಕಿ ಅಲೆಯುತ್ತಲೇ ಇರುತ್ತವೆ. ಪೆಟ್ಟಿಗೆಯ ಹಿಂಬದಿಯನ್ನು ಒಂದೇ ಕೈಯಲ್ಲಿ ಎರಡು ಬೆರಳಷ್ಟು ಎತ್ತಿ ನೋಡಿ. ಹಗುರ ಅನ್ನಿಸಿದರೆ, ಒಳಗೆ ಎರಿ (ನೊಣಗಳು ಕಟ್ಟಿದ ಮೇಣದ ಹಲ್ಲೆ) ಇರುವ ಚೌಕಟ್ಟು ತೆಗೆಯಿರಿ. ಎರಿಯ ಮೇಲಂಚಿನಲ್ಲಿ ಜೇನುತುಪ್ಪದ ಪಟ್ಟಿ ಇಲ್ಲದಿದ್ದರೆ ಅಂದು ಸಂಜೆಯೇ ಸಕ್ಕರೆ ಪಾಕ ಕೊಡಿ. ಬಾಗಿಲ ಮುಂದೆ ಬಿಳಿ ಮರಿಗಳು ಬಿದ್ದಿದ್ದರೆ, ಖಾಲಿ ಕಣಗಳಲ್ಲಿ ತಲೆ ತೂರಿಸಿದ ಹಾಗೇ ನೊಣಗಳು ಸತ್ತಿದ್ದರೆ, ಆಗಲೇ ತಡವಾಗಿದೆ. ತುಡುವೆಯಂತೂ (ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಜೇನು) ಅಷ್ಟು ದಿನ ಕಾಯದೆ ಗೂಡನ್ನೇ ಬಿಟ್ಟು ಹೋಗಬಹುದು.

ಪ್ರಶ್ನೆ: ಪಾಕದ ಹದ ಏನು? ಸಕ್ಕರೆ ಬದಲು ಬೆಲ್ಲ ಆಗುತ್ತದೆಯೇ?

ಉತ್ತರ: ಬೆಲ್ಲ ಬೇಡವೇ ಬೇಡ. ಅದರಲ್ಲಿರುವ ಲವಣಾಂಶ ನೊಣಕ್ಕೆ ಅರಗದೆ ಭೇದಿಯಾಗುತ್ತದೆ. 1 ಲೀಟರ್ ನೀರು ಕುದಿಸಿ, ಒಲೆಯಿಂದ ಇಳಿಸಿದ ಮೇಲೆ 1 ಕಿಲೋ ಬಿಳಿ ಸಕ್ಕರೆ ಹಾಕಿ ಕದಡಿ, ಸುಮಾರು 1.6 ಲೀಟರ್ ಪಾಕವಾಗುತ್ತದೆ. ಸಕ್ಕರೆ ಹಾಕಿದ ಮೇಲೆ ಮತ್ತೆ ಕುದಿಸಬೇಡಿ. ಕಂದಿದ ಪಾಕ ನೊಣಗಳಿಗೆ ವಿಷ. ಚಳಿಗಾಲಕ್ಕೆ ದಾಸ್ತಾನು ಮಾಡಿಸಬೇಕಿದ್ದರೆ ಅಷ್ಟೇ ನೀರಿಗೆ 2 ಕಿಲೋ ಸಕ್ಕರೆ ಹಾಕಿ.

ಅಗಲ ಬಾಯಿಯ ಸಣ್ಣ ಬಾಟಲಿಯ ಮುಚ್ಚಳಕ್ಕೆ ತೆಳು ಮೊಳೆಯಿಂದ ಎಂಟು-ಹತ್ತು ತೂತು ಹೊಡೆಯಿರಿ. ತಣಿದ ಪಾಕ ತುಂಬಿ, ಪೆಟ್ಟಿಗೆಯ ಹೊರಗೇ ಮಗುಚಿ ಹಿಡಿಯಿರಿ. ನಾಲ್ಕು ಹನಿ ಬಿದ್ದು ತಾನಾಗಿ ನಿಲ್ಲಬೇಕು. ನಿಲ್ಲದಿದ್ದರೆ ತೂತು ದೊಡ್ಡದಾಗಿದೆ ಅಥವಾ ಮುಚ್ಚಳ ಸಡಿಲವಿದೆ. ಬಾಟಲಿ ಅರೆ ತುಂಬಿದ್ದರೂ ತೊಂದರೆಯೇ: ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿ ಪಾಕವನ್ನು ಹೊರತಳ್ಳುತ್ತದೆ. ಚೌಕಟ್ಟುಗಳ ಮೇಲೆ ಎರಡು ಕಡ್ಡಿ ಅಡ್ಡ ಇಟ್ಟು, ಅದರ ಮೇಲೆ ಬಾಟಲಿ ಮಗುಚಿ, ಸುತ್ತ ಖಾಲಿ ಕೋಣೆ (ಪೆಟ್ಟಿಗೆಯ ಮೇಲಿಡುವ ಅಂತಸ್ತು) ಇಟ್ಟು ಮುಚ್ಚಿ. ಸಣ್ಣ ಕುಟುಂಬಕ್ಕೆ (ಒಂದು ಪೆಟ್ಟಿಗೆಯ ನೊಣಗಳಿಗೆ) ಒಂದು ಸಲಕ್ಕೆ 250 ಮಿಲಿ ಸಾಕು. ಬೆಳಗಿನೊಳಗೆ ಮುಗಿಯುವಷ್ಟೇ ಕೊಡುವುದು ಸರಿಯಾದ ಅಳತೆ. ಹುಳಿ ವಾಸನೆ ಬಂದದ್ದನ್ನು ಚೆಲ್ಲಿಬಿಡಿ.

ಪ್ರಶ್ನೆ: ಪಾಕ ಇಟ್ಟ ಮರುದಿನವೇ ದುರ್ಬಲ ಪೆಟ್ಟಿಗೆಯ ಮುಂದೆ ಕಾದಾಟ, ರಾಶಿ ಸಾವು. ಏನು ತಪ್ಪಾಯಿತು?

ಉತ್ತರ: ಇದು ಕಳವು, ಅಂದರೆ ಬೇರೆ ಪೆಟ್ಟಿಗೆಯ ನೊಣಗಳು ನುಗ್ಗಿ ಆಹಾರ ಕದಿಯುವುದು. ಹಗಲಲ್ಲಿ ಪಾಕ ಇಟ್ಟರೆ, ಹೊರಗೆ ಚೆಲ್ಲಿದರೆ, ಬಲಹೀನ ಪೆಟ್ಟಿಗೆಗೆ ಮಾತ್ರ ಕೊಟ್ಟರೆ ಹೀಗಾಗುತ್ತದೆ. ಹಾರಾಟ ನಿಂತ ಮೇಲೆ, ಎಲ್ಲ ಪೆಟ್ಟಿಗೆಗಳಿಗೂ ಒಂದೇ ಸಂಜೆ ಕೊಡಿ. ಬಲಹೀನ ಕುಟುಂಬದ ಬಾಗಿಲನ್ನು ಒಂದೆರಡು ನೊಣ ಹಾಯುವಷ್ಟಕ್ಕೆ ಕಿರಿದು ಮಾಡಿ. ಕಳವು ಶುರುವಾಗಿದ್ದರೆ ಪೆಟ್ಟಿಗೆ ಬಿಚ್ಚಬೇಡಿ. ಬಾಗಿಲಿಗೆ ಹಸಿ ಹುಲ್ಲು ಸಡಿಲವಾಗಿ ತುರುಕಿ. ಬೇರೆಡೆಯ ಜೇನುತುಪ್ಪವನ್ನು ಮೇವಾಗಿ ಕೊಡಲೇಬೇಡಿ. ಜೇನುಮರಿಗಳನ್ನು ಕೊಳೆಸುವ ರೋಗದ (ಫೌಲ್‌ಬ್ರೂಡ್) ಬೀಜಾಣು ಅದರಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

ಪ್ರಶ್ನೆ: ಪಾಕ ಕುಡಿಯುತ್ತಿವೆ, ಆದರೆ ಮರಿ ಹೆಚ್ಚುತ್ತಿಲ್ಲ.

ಉತ್ತರ: ಪರಾಗದ ಕೊರತೆ ಇರಬಹುದು. ಪಾಕದಲ್ಲಿ ಪ್ರೋಟೀನ್ ಇಲ್ಲ. ಕೊಬ್ಬು ತೆಗೆದ ಸೋಯಾ ಹಿಟ್ಟು 3 ಪಾಲು, ಬ್ರೂವರ್ಸ್ ಯೀಸ್ಟ್ 1 ಪಾಲು, ಗಟ್ಟಿ ಪಾಕದಲ್ಲಿ ನಾದಿ, 50–100 ಗ್ರಾಂ ತಟ್ಟಿ ಮರಿ ಇರುವ ಚೌಕಟ್ಟುಗಳ ಮೇಲೆಯೇ ಇಡಿ. ಶುರು ಮಾಡಿದ ಮೇಲೆ ಹೊರಗಿನ ಪರಾಗ ಬರುವವರೆಗೆ ನಿಲ್ಲಿಸಬೇಡಿ, ನಡುವೆ ಬಿಟ್ಟರೆ ಹೊಸ ಮರಿಗಳಿಗೇ ಉಪವಾಸ.

ಪ್ರಶ್ನೆ: ಪಾಕ ನಿಲ್ಲಿಸುವುದು ಯಾವಾಗ?

ಉತ್ತರ: ಹೂ ಅರಳಿ, ಚೌಕಟ್ಟು ಓರೆ ಮಾಡಿದಾಗ ಹೊಸ ಮಕರಂದ ಹನಿಯತೊಡಗಿದ ದಿನ. ಜೇನು ಕೋಣೆ (ನಾವು ತುಪ್ಪ ತೆಗೆಯುವ ಮೇಲಂತಸ್ತು) ಏರಿಸುವುದು ಅದಾದ ಮೇಲೆಯೇ. ಅದಕ್ಕೆ ಮೊದಲೇ ಏರಿಸಿದರೆ ಅಲ್ಲಿ ತುಂಬುವುದು ನೀವು ಕೊಟ್ಟ ಸಕ್ಕರೆ. ಅದನ್ನು ಜೇನುತುಪ್ಪವೆಂದು ಮಾರುವಂತಿಲ್ಲ.